ದ್ರಾಕ್ಷಿ ಬಳ್ಳಿಯ ಗಿಳಿಗಳು

ಮಾಗಡಿ ರಸ್ತೆ ಬದಿಯ ಚಿಕ್ಕ ಚರ್ಚಿನೊಳಗೆ ಇನ್ನೂ ಬೆಳಕು ಹರಿದಿಲ್ಲ. ಬಲಿಪೀಠದ ಮೇಲಿನ ಕಮಾನಿಗೆ ಸಾರುವೆ ಕಟ್ಟಿ, ಲಾಂದ್ರ ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದಾರೆ ಗಾರೆ ಕೆಲಸದ ಹನುಮಯ್ಯ. ಗಾರೆಯ ಗಿಳಿಯೊಂದರ ಕಾಲಬುಡಕ್ಕೆ ಉಳಿಯಿಟ್ಟು ಮೆಲ್ಲಗೆ ತಟ್ಟುತ್ತಾರೆ. ಕೆಳಗೆ ತೂಗುಹಾಕಿದ ಗೋಣಿಯೊಳಕ್ಕೆ ಗಿಳಿ ಬೀಳುತ್ತದೆ. ಐದು ವರ್ಷದ ಹಿಂದೆ ಅದನ್ನು ಮಾಡಿದವರೂ ಇವರೇ.

ಹನುಮಯ್ಯ ಕುರುಬರಹಳ್ಳಿಯವರು. ತಂದೆಯ ಕಾಲದಿಂದಲೂ ಗುಡಿ ಗೋಪುರಗಳ ಗಾರೆ ಬೊಂಬೆ ಮಾಡುವ ಮನೆತನ. ಸುಣ್ಣ ಕಲಸಿ ಕಲಸಿ ಬೆರಳುಗಳು ಬಿರಿದಿವೆ, ಬಲಗಣ್ಣು ಮಂಜಾಗಿದೆ. ಹೊಸ ರಾಜಾಜಿನಗರದಲ್ಲಿ ಮನೆಗಳೇನೋ ಏಳುತ್ತಿವೆ, ಇವರಿಗೆ ಕೆಲಸವಿಲ್ಲ. ಪೂಜೆಗೆ ಮೊದಲೇ ಬಂದು ಕೆಳಗೆ ನಿಂತ ಅಂತೋಣಮ್ಮನಿಗೆ ಹೇಳುತ್ತಾರೆ, "ಈಗೆಲ್ಲಾ ಸಿಮೆಂಟು, ಸಪಾಟು ಗೋಡೆ ಕಣಮ್ಮ. ಬಳ್ಳಿ ಬೇಕು ಅಂದೋರಲ್ಲಿ ಈ ಚರ್ಚಿನೋರೇ ಕೊನೆ."

ಅಂದು ಚರ್ಚಿನವರು ಕೇಳಿದ್ದು ದ್ರಾಕ್ಷಿ ಬಳ್ಳಿ ಮಾತ್ರ. "ಗುಡಿ ಕೆಲ್ಸದಲ್ಲಿ ಬಳ್ಳಿ ಅಂದ್ಮೇಲೆ ಗಿಳಿ ಇದ್ದೇ ಇರುತ್ತೆ. ಕೈ ತಾನಾಗೇ ಹಾಕ್ಬಿಡ್ತು," ಎನ್ನುತ್ತಾರೆ. ಆಗ ಯಾರೂ ಬೇಡವೆನ್ನಲಿಲ್ಲ. ಈಗ ಹೊಸ ಪಾದ್ರಿಗಳು ಬಂದಿದ್ದಾರೆ. ಅಲಂಕಾರ ಹೆಚ್ಚಾದರೆ ಭಕ್ತಿ ಕಡಿಮೆಯಾಗುತ್ತದೆಂಬುದು ಅವರ ಅಭಿಪ್ರಾಯ; ಗಿಳಿಗಳನ್ನು ತೆಗೆಯಲು ಹೇಳಿದ್ದಾರೆ. ಊರವರಿಗೆ ಜಪ ಕಲಿಸುವ ಉಪದೇಶಿ ಇನ್ನಾಸಪ್ಪನವರದೂ ಅದೇ ಮಾತು.

"ಏನಯ್ಯಾ ಹನುಮಯ್ಯ, ದ್ರಾಕ್ಷಿ ಅಂದ್ರೆ ನಮ್ಮ ಸ್ವಾಮಿಯ ರಕ್ತದ ಗುರುತು. ನಿನ್ನ ಗಿಳಿ ಅದನ್ನೇ ಕುಕ್ಕಿ ತಿಂತಾ ಕೂತಿದೆಯಲ್ಲ!" ಎಂದು ಇನ್ನಾಸಪ್ಪ ಕೆಳಗಿನಿಂದ ಕೂಗುತ್ತಾರೆ.

"ಹಸಿದಿತ್ತೇನೋ ಬಿಡಿ ಸ್ವಾಮಿ," ಎನ್ನುತ್ತಾರೆ ಹನುಮಯ್ಯ, ತಲೆ ಎತ್ತದೆ.

ಇನ್ನಾಸಪ್ಪ ನಗುವುದಿಲ್ಲ. "ಬಾಯಲ್ಲಿ ಜಪ, ಕಣ್ಣು ಗಿಳಿ ಮೇಲೆ. ಇದೆಂಥಾ ಪ್ರಾರ್ಥನೆ?"

ಮಾತು ಸುಳ್ಳಲ್ಲ. ಆದರೆ ಪೂಜೆ ನಡೆಯುವುದು ಲ್ಯಾಟಿನ್ನಿನಲ್ಲಿ. ಅರ್ಥವಾಗದವರ ಕಣ್ಣು ಎಲ್ಲಾದರೂ ನಿಲ್ಲಬೇಕಷ್ಟೆ. ಗಿರಣಿ ಕೆಲಸದ ಅಂತೋಣಮ್ಮ ಕಂಬಕ್ಕೊರಗಿ ಸಾರುವೆಯನ್ನೇ ನೋಡುತ್ತಿದ್ದಾರೆ. "ಮಗ ತೀರ್ಕೊಂಡಾಗ ಜಪ ಬಾಯಿಗೇ ಬರ್ತಿರಲಿಲ್ಲ. ಮನೇಲಿ ನೋಡೋಕೇನಿದೆ, ಹೊಗೆ ಹಿಡಿದ ಗೋಡೆ. ಇಲ್ಲಿ ಬಂದು ಆ ಗಿಳಿ ನೋಡ್ತಾ ಕೂತಿರ್ತಿದ್ದೆ. ದೇವರು ಅದನ್ನೂ ಲೆಕ್ಕಕ್ಕೆ ತಗೊಂಡಿರ್ತಾನೆ ಅಂದ್ಕೊಂಡಿದ್ದೆ." ಮತ್ತೆ ಮೇಲೆ ನೋಡಿ, "ಹನುಮಣ್ಣ, ನೀವೇ ಯಾಕೆ ಒಪ್ಕೊಂಡ್ರಿ?" ಎಂದು ಕೇಳುತ್ತಾರೆ.

ಹನುಮಯ್ಯ ಉಳಿ ಕೆಳಗಿಡುತ್ತಾರೆ. "ಬೇರೆಯೋರು ಬಂದ್ರೆ ಸುತ್ತಿಗೆ ಬೀಸ್ತಾರೆ ಕಣಮ್ಮ. ಬಳ್ಳಿನೂ ಉದುರುತ್ತೆ. ನಾನಾದ್ರೆ ಬಳ್ಳಿ ಉಳಿಸ್ತೀನಿ."

ಹೊತ್ತು ಮೂಡುವಷ್ಟರಲ್ಲಿ ಗಿಳಿಗಳೆಲ್ಲ ಗೋಣಿಯಲ್ಲಿವೆ. ಬಳ್ಳಿ ಉಳಿದಿದೆ. ಗಿಳಿ ಕೂತಿದ್ದ ಜಾಗಗಳು ಬೆಳ್ಳಗೆ ಗಾಯದಂತೆ ಕಾಣುತ್ತವೆ. ಪೂಜೆಗೆ ಬಂದವರು ಮಂಡಿಯೂರುತ್ತಾರೆ, ಒಬ್ಬೊಬ್ಬರಾಗಿ ಆ ಕಲೆಗಳತ್ತಲೇ ಕತ್ತೆತ್ತುತ್ತಾರೆ. ಇನ್ನಾಸಪ್ಪನವರೂ ಎತ್ತುತ್ತಾರೆ.

ಹನುಮಯ್ಯ ಹೊರಗೆ ಕಲ್ಲಿನ ಮೇಲೆ ಕುಳಿತು ಕೈಗೆ ಹರಳೆಣ್ಣೆ ಸವರಿಕೊಳ್ಳುತ್ತಾರೆ. ನಾಳೆ ಕಲೆಗಳಿಗೆ ಸುಣ್ಣ ಬಳಿಯಬೇಕು. ಒಂದು ಗೊಂಚಲಿನಲ್ಲಿ ಗಿಳಿ ಅರ್ಧ ಕುಕ್ಕಿದ ಹಣ್ಣು ಮಾತ್ರ ಹಾಗೆಯೇ ಇದೆ. ಅದು ಯಾರ ಕಣ್ಣಿಗೂ ಬಿದ್ದಂತಿಲ್ಲ.

"ಪಾದ್ರಿಗಳು ಅದನ್ನೂ ತುಂಬ್ಸು ಅಂತ ಹೇಳ್ದೆ ಇದ್ರೆ ಸಾಕು," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. "ಇನ್ನೇನೂ ಬೇಡ."