ಜೀಪಿಗೆ ಸುಳ್ಳು ಹೇಳುವ ದೇವೀರಮ್ಮ

ಹೆಗ್ಗದ್ದೆಯಿಂದಾಚೆ, ಹಳ್ಳದ ಆ ದಡದಲ್ಲಿದ್ದ ಹತ್ತಾರು ಮನೆಗಳಿಗೆಲ್ಲ ದೇವೀರಮ್ಮನೇ ಬಾಯಿ. ಗಂಡಸರಿಗೆ ಬಾಯಿ ಇರಲಿಲ್ಲವೆಂದಲ್ಲ, ಮನೆಯೊಳಗೆ ಬೇಕಾದಷ್ಟಿತ್ತು. ಜೀಪಿನ ಸದ್ದು ಕೇಳಿದೊಡನೆ ಅದರ ಪಸೆ ಆರಿಹೋಗುತ್ತಿತ್ತು. ಆಗ ದೇವೀರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬರುತ್ತಿದ್ದಳು.

ಜೀಪಿನಲ್ಲಿ ಬಂದವರಿಗೆ ನಿಜ ಹೇಳಬಾರದು ಎನ್ನುವುದು ಆ ಕಡೆಯ ವಾಡಿಕೆ. ಅದೇನು ಸುಮ್ಮನೆ ಹುಟ್ಟಿದ್ದಲ್ಲ. ಜೀಪು ಬಂತೆಂದರೆ ಒಂದೋ ಅಬಕಾರಿಯವರು, ಇಲ್ಲ ಫಾರೆಸ್ಟಿನವರು, ಇಲ್ಲವೇ ಸರ್ಕಾರಕ್ಕೆ ಕೊಡಬೇಕಾದ ಲೆವಿ ಭತ್ತ ಅಳೆಯುವವರು. ದೇವೀರಮ್ಮ ಹೊಸ ಸೊಸೆಯಾಗಿದ್ದಾಗ ಲೆವಿಯ ಅಧಿಕಾರಿಯೊಬ್ಬ ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, "ನಿಮ್ಮ ಒಳ್ಳೇದಕ್ಕೇ ಬಂದಿದೀವಮ್ಮ, ಇರೋದು ಹೇಳಿ" ಎಂದಿದ್ದ. ಹುಡುಗಿ ನಂಬಿ ಹೇಳಿದಳು. ಅವನು ಬೀಜದ ಭತ್ತವನ್ನೂ ಬಿಡದೆ ಅಳೆಸಿಕೊಂಡು ಹೋದ. ಅತ್ತೆ ಆ ವರ್ಷವಿಡೀ ಗಂಜಿ ಬಡಿಸುವಾಗಲೆಲ್ಲ, "ನಿಜ ಹೇಳ್ದಲ್ಲ, ಈಗ ಅದನ್ನೇ ಉಣ್ಣು" ಎನ್ನುತ್ತಿದ್ದಳು.

ಅಲ್ಲಿಂದ ಮುಂದೆ ಸೊಸೆ ಅತ್ತೆಯನ್ನೂ ಮೀರಿಸಿದಳು. ಪರವಾನಗಿಯಿಲ್ಲದ ಕೋವಿ ಹುಡುಕಿಕೊಂಡು ಪೊಲೀಸರು ಬಂದಾಗ, ಅಟ್ಟದಲ್ಲಿ ಅಡಗಿದ್ದ ಗಂಡ ರಾಮಯ್ಯ ಧರ್ಮಸ್ಥಳಕ್ಕೆ ಹೋಗಿದ್ದಾನೆಂದು ಕಣ್ಣು ಪಿಳುಕಿಸದೆ ಹೇಳಿದಳು. ಅಷ್ಟರಲ್ಲಿ ಆ ಪುಣ್ಯಾತ್ಮ ಮೇಲಿನಿಂದ ಸೀನಿಬಿಟ್ಟ. "ಬೆಕ್ಕು ಸ್ವಾಮಿ, ಅದ್ಕೂ ಶೀತ ಆಗೈತೆ" ಎಂದಳು. ಪೊಲೀಸರು ನಂಬಿದರೋ ಇಲ್ಲವೋ, ನಗುತ್ತಾ ಹೋದರು. ಊರು ಈ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿತು. ದೇವೀರಮ್ಮನಿಗೂ ತನ್ನ ನಾಲಿಗೆಯ ಮೇಲೆ ಸಣ್ಣ ಹೆಮ್ಮೆ ಬೆಳೆಯಿತು, ಆ ಹೆಮ್ಮೆಯೇ ಮುಂದೆ ಅವಳಿಗೆ ಮುಳುವಾಯಿತು.

ಆ ಹಳ್ಳ ದಾಟಲು ಇದ್ದದ್ದು ಸಂಕ, ಒಂಟಿಮರದ ಕಾಲುಸೇತುವೆ. ಪ್ರತಿ ಮಳೆಗಾಲ ಅದು ಕೊಚ್ಚಿಹೋಗುತ್ತಿತ್ತು, ನೀರು ಇಳಿಯುವವರೆಗೆ ಈ ದಡದವರು ಈ ದಡದಲ್ಲೇ. ಒಂದು ಆಷಾಢದಲ್ಲಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳು ಮೀನಾಕ್ಷಿಗೆ ನೋವು ಶುರುವಾಯಿತು. ಹೆರಿಗೆ ಕಷ್ಟವಾಗಿ ಆಸ್ಪತ್ರೆಗೆಂದು ಬಿದಿರಿನ ಕುರ್ಚಿಯಲ್ಲಿ ಹೊತ್ತು ತಂದರೆ ಸಂಕವೇ ಇಲ್ಲ. ಮಗಳು ಹೇಗೋ ಉಳಿದಳು, ಮಗು ಉಳಿಯಲಿಲ್ಲ.

ಆ ದಿನ ಆಚೆ ದಡದಲ್ಲಿ, ಏಲಕ್ಕಿ ಹೇರಲು ಬಂದ ಲಾರಿಯ ಪಕ್ಕದಲ್ಲಿ ಒಬ್ಬ ಯುವಕ ಏನೂ ಮಾಡಲಾಗದೆ ನಿಂತು ನೋಡುತ್ತಿದ್ದ. ಸಕಲೇಶಪುರದಲ್ಲಿ ಲಾರಿ ಇಟ್ಟಿದ್ದ ಅಬ್ಬಾಸ್ ಸಾಹೇಬರ ಮಗ ನಜೀರ್. ದೂರದ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ರಜೆಯಲ್ಲಿ ಅಪ್ಪನ ಲಾರಿ ಹತ್ತಿ ಬಂದಿದ್ದ. ನೀರು ಇಳಿದ ಮೇಲೆ ಅವನೊಬ್ಬನೇ ಬಸ್ಸು ಹಿಡಿದು ಬಂದ. ಹಳ್ಳದ ಅಗಲಕ್ಕೆ ಹಗ್ಗ ಎಳೆದು ಅಳೆದ.

"ಇಲ್ಲಿಗೊಂದು ಗಟ್ಟಿ ಸೇತುವೆ ಮಾಡೋಣಮ್ಮ. ನಾನು ಹೇಗೆ ಅಂತ ಹೇಳ್ತೀನಿ, ನೀವೆಲ್ಲ ಕೈ ಹಾಕಬೇಕು" ಎಂದ.

ಎರಡು ಬೇಸಿಗೆ ಹಿಡಿಯಿತು. ಊರವರು ಈಗ ಮೇಷ್ಟ್ರು ಎಂದೇ ಕರೆಯುತ್ತಿದ್ದ ನಜೀರ್ ಮೊಣಕಾಲು ನೀರಿನಲ್ಲಿ ನಿಂತು ಕಲ್ಲಿನ ಕಂಬ ಎಬ್ಬಿಸಿದರು. ಮೊದಲ ಬೇಸಿಗೆಯಲ್ಲಿ ದೇವೀರಮ್ಮ ಅವರಿಗೆ ಜಗಲಿಯಲ್ಲೇ ಬಾಳೆಲೆ ಹಾಕಿ ಬಡಿಸಿದಳು. ಎರಡನೆಯ ಬೇಸಿಗೆಯ ಹೊತ್ತಿಗೆ ಅವರು ಅಡುಗೆಮನೆಯ ಒಲೆಯ ಪಕ್ಕ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಆಡಿದ್ದರೆ ದೇವೀರಮ್ಮ ಬಿಡುತ್ತಲೂ ಇರಲಿಲ್ಲ.

ಕಂಬದ ಮೇಲೆ ಹಾಯಿಸಲು ಉದ್ದನೆಯ ಕಿರಾಲುಬೋಗಿ ಮರ ಬೇಕಾಯಿತು. ಅದು ಇದ್ದದ್ದು ಸರ್ಕಾರಿ ಕಾಡಿನಲ್ಲಿ.

"ಪರ್ಮಿಟ್ ಇಲ್ಲದೆ ಕಡಿಯಬಾರದು" ಎಂದರು ಮೇಷ್ಟ್ರು.

"ಪರ್ಮಿಟ್ ಆಗೈತೆ ಬಿಡಿ ಮೇಷ್ಟ್ರೇ. ನಮ್ಮ ಲಕ್ಕಪ್ಪ ಹೋಗಿ ಮಾಡಿಸ್ಕಂಡು ಬಂದವ್ನೆ" ಎಂದಳು ದೇವೀರಮ್ಮ. ಪಕ್ಕದ ಮನೆಯ ಲಕ್ಕಪ್ಪ ರೇಂಜ್ ಆಫೀಸಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದ. ಮೇಷ್ಟ್ರು ನಂಬಿದರು. ಜೀಪಿಗೆ ಹೇಳಬೇಕಾದ ಸುಳ್ಳನ್ನು ಮನೆಯವರಂಥವರಿಗೆ ಹೇಳಿದೆನಲ್ಲ ಎಂದು ಅವಳಿಗೆ ಕೊಂಚ ಕಸಿವಿಸಿಯಾಯಿತು. ಆದರೆ ಮರ ಬಂತು, ಸಂಕ ನಿಂತಿತು, ಆ ಮಳೆಗಾಲ ಹಳ್ಳ ಎಷ್ಟು ಕುಣಿದರೂ ಅದು ಅಲ್ಲಾಡಲಿಲ್ಲ.

ಚೀನಾ ಯುದ್ಧ ಕಳೆದ ಮರುವರ್ಷ, ಮೇಷ್ಟ್ರು ಒಮ್ಮೆ ಒಲೆಯ ಪಕ್ಕ ಕೂತು ತಮ್ಮ ಚಿಂತೆ ಹೇಳಿಕೊಂಡರು. ಕಾಲೇಜಿನಲ್ಲಿ ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಜೊತೆಯವರು ರಜೆಯಲ್ಲಿ ಕೂತು ದೊಡ್ಡ ದೊಡ್ಡ ಲೇಖನ ಬರೆದು ಅಚ್ಚು ಹಾಕಿಸಿದ್ದರು, ಇವರು ಹಳ್ಳದಲ್ಲಿ ಕಲ್ಲು ಜೋಡಿಸಿದ್ದರು. "ಈ ವರ್ಷ ಹೊಸ ನಿಯಮ ತಂದಿದ್ದಾರಮ್ಮ. ಜನರಿಗೋಸ್ಕರ ಮಾಡಿದ ಕೆಲಸವನ್ನೂ ಲೆಕ್ಕಕ್ಕೆ ತಗೊಂಡು ಖಾಯಂ ಮಾಡ್ತಾರಂತೆ. ನಾನು ಅರ್ಜಿಯಲ್ಲಿ ಈ ಸೇತುವೆ ಬಿಟ್ಟು ಬೇರೆ ಏನೂ ಹೇಳಿಲ್ಲ. ಇದೂ ಆಗದಿದ್ದರೆ ಕಾಲೇಜು ಬಿಟ್ಟ ಹಾಗೆಯೇ."

ದೇವೀರಮ್ಮ ರೊಟ್ಟಿ ತಿರುವಿ ಹಾಕುತ್ತಾ ನಕ್ಕಳು. "ಒಳ್ಳೇದು ಮಾಡಿದ್ಕೆ ಇನಾಮು ಕೊಡ್ತಾರಾ? ಎಲ್ಲಾದ್ರೂ ಉಂಟಾ ಮೇಷ್ಟ್ರೇ! ನಿಮ್ಮನ್ನ ಯಾರೋ ಗೇಲಿ ಮಾಡವ್ರೆ."

ಮೇಷ್ಟ್ರೂ ನಕ್ಕರು. ಸಂಕ ನೋಡಲು ಕಾಲೇಜಿನವರು ಮುಂಚೆ ತಿಳಿಸದೆ ಬರುವರೆಂಬುದು ಅವರಿಗೂ ಗೊತ್ತಿರಲಿಲ್ಲ.

ಬಂದವರು ಇಬ್ಬರು ಪ್ರೊಫೆಸರುಗಳು. ಅವರ ಕಾರು ಘಾಟಿಯ ಕಡೆಯ ಕಲ್ಲುದಾರಿ ಹತ್ತಲಾರದೆ ಸಕಲೇಶಪುರದಲ್ಲೇ ಉಳಿಯಿತು. ಅಲ್ಲಿ ಯಾರೋ ಉಪಕಾರ ಮಾಡಿ ರೇಂಜರ್ ಆಫೀಸಿನ ಜೀಪು ಕೊಡಿಸಿದರು. ಊರವರೆಲ್ಲ ಬಲ್ಲ ಫಾರೆಸ್ಟಿನ ಹಸಿರು ಜೀಪು, ಅದನ್ನು ಯಾವಾಗಲೂ ಓಡಿಸುವ ಡ್ರೈವರ್ ಕೃಷ್ಣಪ್ಪ. ಸಂಕದ ಆಚೆ ಅದು ಬಂದು ನಿಂತಾಗ ದೇವೀರಮ್ಮ ಅಂಗಳಕ್ಕೆ ಇಳಿದಳು. ಕದ್ದು ಕಡಿದ ಕಿರಾಲುಬೋಗಿಗೇ ಬಂದರು ಎಂದುಕೊಂಡಳು.

"ಯಾರೂ ಬಾಯಿ ಬಿಡ್ಬ್ಯಾಡಿ, ನಾನು ಮಾತಾಡ್ತೀನಿ" ಎಂದು ಎಲ್ಲರನ್ನೂ ಒಳಗೆ ಅಟ್ಟಿದಳು.

ಪ್ರೊಫೆಸರುಗಳಲ್ಲಿ ಹಿರಿಯರಾದ ಪರಮಶಿವಯ್ಯ ಸಂಕದ ಮೇಲೆ ನಡೆದು ಬಂದರು, ಹಿಂದೆ ಇನ್ನೊಬ್ಬರೂ ಕೃಷ್ಣಪ್ಪನೂ. ನಡುವೆ ನಿಂತು ಮರವನ್ನು ಕಾಲಿನಿಂದ ತಟ್ಟಿ ನೋಡಿದರು. ಅದನ್ನು ಕಂಡು ದೇವೀರಮ್ಮನ ಅನುಮಾನ ಇನ್ನೂ ಗಟ್ಟಿಯಾಯಿತು.

"ಇದನ್ನು ಯಾರಮ್ಮ ಕಟ್ಟಿಸಿದ್ದು?"

"ನಮ್ಮ ಮಾವನೋರ ಕಾಲದ್ದು ಸ್ವಾಮಿ."

"ನಜೀರ್ ಅಂತ ಒಬ್ಬ ಮೇಷ್ಟ್ರು ಕಟ್ಟಿಸಿದರಂತಲ್ಲ?"

ಮರದ ಕೇಸು ಮೇಷ್ಟ್ರ ತಲೆಗೇ ಬಂತಲ್ಲ ಎಂದುಕೊಂಡಳು. "ಆ ಹೆಸ್ರೇ ಕೇಳಿಲ್ಲ ಸ್ವಾಮಿ. ನಮ್ಮೂರಿಗೆ ಸಾಬರು ಯಾಕೆ ಬರ್ತಾರೆ?"

ಪರಮಶಿವಯ್ಯನವರ ಮುಖ ಚಿಕ್ಕದಾಯಿತು. "ನೋಡಮ್ಮ, ಹೆದರಬೇಡ. ಅವರ ಒಳ್ಳೇದಕ್ಕೇ ಕೇಳ್ತಿದೀವಿ. ಒಬ್ಬರು ಹೌದು ಅಂದರೆ ಸಾಕು."

ಒಳ್ಳೇದಕ್ಕೇ! ಜಗಲಿಯಲ್ಲಿ ಮಜ್ಜಿಗೆ ಕುಡಿದವನೂ ಇದನ್ನೇ ಹೇಳಿದ್ದ. ಈ ಸಲ ತಾನು ಹೊಸ ಸೊಸೆಯಲ್ಲ. ದೇವೀರಮ್ಮ ಸಂಕದ ಕಡೆಗೆ ಕೈಮುಗಿದು, "ದೇವ್ರಾಣೆಗೂ ಇಲ್ಲ. ಕಟ್ಟಿದ ಮಾವನೋರು ಸತ್ತು ಎಷ್ಟೋ ಕಾಲ ಆಯ್ತು" ಎಂದಳು.

ಅವರು ಮತ್ತೇನೂ ಕೇಳದೆ ತಿರುಗಿದರು. ಜೀಪು ಕಣ್ಮರೆಯಾಗುತ್ತಲೇ ಊರಿಗೆ ಊರೇ ಹೊರಗೆ ಬಂತು. ಲಕ್ಕಪ್ಪ, "ಗೆದ್ದುಬುಟ್ಟೆ ಕಣಕ್ಕ!" ಎಂದ.

ಮುಂದಿನ ಏಲಕ್ಕಿ ಹಂಗಾಮಿನಲ್ಲಿ ನಜೀರ್ ಬಂದಾಗ ಸೊರಗಿದ್ದರು. ದೇವೀರಮ್ಮ ಕಡುಬು ಮಾಡಿ, ತುಪ್ಪ ಹಾಕಿ, ಎದುರಿಗೆ ಕೂತು ಕಥೆ ಶುರು ಮಾಡಿದಳು. ಹಸಿರು ಜೀಪು, ಮುದುಕನ ಮಾತು, ತನ್ನ ಆಣೆ, ಒಂದನ್ನೂ ಬಿಡದೆ ಅಭಿನಯಿಸಿ ಹೇಳಿದಳು. "ನಿಮ್ಮ ಕೂದಲು ಕೊಂಕದಂಗೆ ಕಾಪಾಡ್ಬುಟ್ಟೆ ಮೇಷ್ಟ್ರೇ!"

ಅವರು ಕೈಯ ತುತ್ತನ್ನು ಕೆಳಗಿಟ್ಟರು.

"ಅವರು ಕಾಲೇಜಿನವರಮ್ಮ" ಎಂದರು. "ನಾನು ಮಾಡದ ಕೆಲಸವನ್ನು ಮಾಡಿದೆ ಅಂತ ಹೇಳಿಕೊಂಡೆ ಎಂದು ನನ್ನನ್ನು ತೆಗೆದುಹಾಕಿದರು. ಯಾಕೆ ಹಾಗಂದರೋ ಅಂತ ತಲೆ ಕೆಡಿಸಿಕೊಂಡಿದ್ದೆ."

ದೇವೀರಮ್ಮ ಎದ್ದು ನಿಂತಳು. "ನಾನು ಬತ್ತೀನಿ. ಈಗ್ಲೇ ಬಂದು ನಿಜ ಹೇಳ್ತೀನಿ."

"ಈಗ ಹೇಳಿದರೆ ನಾನೇ ಹೇಳಿಕೊಟ್ಟು ಕರೆದುಕೊಂಡು ಬಂದೆ ಅಂತಾರೆ." ಆಮೇಲೆ ಸಿಟ್ಟಿಲ್ಲದೆ, ನಿಜಕ್ಕೂ ಅರ್ಥವಾಗದೆ ಕೇಳಿದರು. "ಆದರೆ ಮರಕ್ಕೆ ಪರ್ಮಿಟ್ ಇತ್ತಲ್ಲಮ್ಮ. ಫಾರೆಸ್ಟಿನವರು ಬಂದರೆ ನೀವು ಯಾಕೆ ಹೆದರಬೇಕಿತ್ತು?"

ಎಷ್ಟೋ ಜೀಪುಗಳಿಗೆ ಥಟ್ಟನೆ ಉತ್ತರ ಕೊಟ್ಟ ನಾಲಿಗೆ ಅಂದು ಅಲುಗಲಿಲ್ಲ. ಅವಳು ತಲೆ ತಗ್ಗಿಸಿದ್ದನ್ನು ನೋಡಿ ಮೇಷ್ಟ್ರಿಗೆ ತಿಳಿಯಿತು. ಅವರು ಕಡುಬನ್ನು ಪೂರ್ತಿ ತಿಂದರು, ಕೈ ತೊಳೆದರು, "ಬರ್ತೀನಮ್ಮ" ಎಂದರು. ಆಮೇಲೆ ಬರಲಿಲ್ಲ. ಅಪ್ಪನ ಲಾರಿ ಲೆಕ್ಕ ನೋಡಿಕೊಂಡು ಸಕಲೇಶಪುರದಲ್ಲೇ ಇದ್ದಾರೆಂದು ಸಂತೆಗೆ ಹೋದವರು ಹೇಳುತ್ತಿದ್ದರು. ದೇವೀರಮ್ಮ ಪೇಟೆಗೆ ಹೋದಾಗಲೂ ಆ ಬೀದಿ ತಪ್ಪಿಸಿ ನಡೆದಳು. ಮುಖ ತೋರಿಸುವ ಧೈರ್ಯ ಅವಳಿಗೆ ಬರಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಹಸಿರು ಜೀಪು ಮತ್ತೆ ಬಂತು. ಈ ಸಲ ಹೊಸ ರೇಂಜರ್, ಕಾಡಿನ ಗಡಿಕಲ್ಲು ನೋಡಲು ಬಂದವನು. ದೇವೀರಮ್ಮ ಯಾರೂ ಕೇಳದೆಯೇ ಸಂಕ ದಾಟಿ ಓಡಿದಳು.

"ಸ್ವಾಮಿ, ಈ ಸಂಕ ಕಟ್ಟಿಸಿದ್ದು ನಜೀರ್ ಮೇಷ್ಟ್ರು. ಮರ ಕದ್ದು ಕಡಿಸಿದ್ದು ನಾನು. ಬರ್ಕಳಿ. ಕೇಸು ಹಾಕಿ, ಜೈಲಿಗೆ ಹಾಕಿ, ಆದ್ರೆ ಅವರ ಹೆಸ್ರು ಬರ್ಕಳಿ."

ರೇಂಜರ್ ಕಕ್ಕಾಬಿಕ್ಕಿಯಾಗಿ ಡ್ರೈವರ್ ಕಡೆ ನೋಡಿದ. ಕೃಷ್ಣಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಕ್ಕ.

"ಅಜ್ಜಿಗೆ ಅರುಳು ಮರುಳು ಸಾರ್. ಇದು ಇವ್ರ ಮಾವನ ಕಾಲದ್ದು. ಹಿಂದೆ ಪ್ರೊಫೆಸರುಗಳು ಬಂದಾಗ ಆಣೆ ಇಟ್ಟು ಹೇಳಿದ್ದನ್ನ ನಾನೇ ಕೇಳಿದೀನಿ."