ಹದಿನೈದನೇ ತಾರೀಖಿನ ಎರಡು ನೀರು

ಸ್ನೇಹಿತರೆ, ಇವತ್ತು ನಮ್ಮ ಮನೆಯಲ್ಲಿ ಕುಕ್ಕರಿನಲ್ಲೂ ನೀರು ತುಂಬಿಟ್ಟಿದ್ದೇನೆ.

ಕೊಟ್ಟೂರಿನಲ್ಲಿ ಈ ಬಾಡಿಗೆ ಮನೆ ತೋರಿಸುವಾಗ ಮಾಲಕಿ ಗೌರಮ್ಮ ಹೇಳಿದ್ದರು: "ಮೂರರ ಮಗ್ಗ್ಯಾಗ ಬರೋ ತಾರೀಖಿಗೆ ನಳ ಬರ್ತೈತಿ, ಐದರ ಮಗ್ಗ್ಯಾಗ ಬರೋ ತಾರೀಖಿಗೆ ಟ್ಯಾಂಕರ್. ಮೂವತ್ತು ದಿನದಾಗ ಹತ್ತೂ ಆರೂ, ಹದಿನಾರು ದಿನ ನೀರು ನೋಡ್ರಿ." ನಾನೂ ನಂಬಿದೆ.

ಇವತ್ತು ಹದಿನೈದು. ಬೆಳಿಗ್ಗೆ ನಳ ಬಂತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಿಗೆ ಟ್ಯಾಂಕರ್ ಬಂತು. ಡ್ರೈವರ್ ಪೈಪ್ ಹಿಡಿದು ಕೂಗಿದ: "ಅಕ್ಕಾರ, ಲಗೂ ಹಿಡೀರಿ, ಮುಂದಿನ ಓಣಿಗೆ ಹೋಗ್ಬೇಕು!" ಇಡ್ಲಿ ಪಾತ್ರೆ, ಕುಕ್ಕರ್, ಕೊನೆಗೆ ಟಿಫಿನ್ ಡಬ್ಬಿಗೂ ಹಿಡಿದೆ.

ಆಮೇಲೆ ಗೌರಮ್ಮನನ್ನು ಕ್ಯಾಲೆಂಡರ್ ಮುಂದೆ ನಿಲ್ಲಿಸಿ, ನೀರು ಬರುವ ತಾರೀಖಿಗೆಲ್ಲ ಸುತ್ತು ಹಾಕಿಸಿದೆ. ಮೂರರ ಮಗ್ಗಿಗೆ ಹತ್ತು ಸುತ್ತು ಬಿದ್ದವು. ಐದರ ಮಗ್ಗಿ ಶುರು ಮಾಡಿದರೆ ಹದಿನೈದಕ್ಕೂ ಮೂವತ್ತಕ್ಕೂ ಆಗಲೇ ಸುತ್ತು ಬಿದ್ದಿತ್ತು. ಎಣಿಸಿದರೆ ಒಟ್ಟು ಹದಿನಾಲ್ಕೇ.

"ಉಳಿದ ಎರಡು ದಿನ ಎಲ್ಲಿ ಹೋದ್ವು, ಗೌರಮ್ಮಾರ?"

"ಎಲ್ಲೂ ಹೋಗಿಲ್ರಿ. ಎರಡು ದಿನ ಡಬಲ್ ನೀರು ಬರ್ತೈತಲ್ಲ, ಅದನ್ನ ಎತ್ತಿಡ್ರಿ."

"ಎದರಾಗ ಎತ್ತಿಡ್ಲಿ? ಚಮಚ ಒಂದು ಉಳದೈತಿ!"

ಅವರು ನನ್ನ ತುಂಬಿದ ಡ್ರಮ್ಮುಗಳನ್ನೇ ನೋಡಿದರು. "ಹೌದಾ? ಹಂಗಾರ ತಡೀರಿ, ನಮ್ಮನ್ಯಾಗ ಹೊದಿಯೋ ಕೌದಿ ನಾಕು ಅದಾವು, ಇಲ್ಲೇ ಒಗದ್ಬಿಡ್ತೀನಿ."

ಈಗ ನನ್ನ ಡ್ರಮ್ಮು ಎರಡು ಖಾಲಿ, ಅಂಗಳದಲ್ಲಿ ಅವರ ಕೌದಿಗಳು ಒಣಗುತ್ತಿವೆ. ಮೂವತ್ತನೇ ತಾರೀಖಿಗೂ ಇದೇ ಕಥೆ. ಒಗೆಯುವ ಕೌದಿ ಇದ್ದವರು ಈಗಲೇ ಹೆಸರು ಹೇಳಿಡಿ.