ಸತ್ತ ಕೀಟಗಳಿಗೊಬ್ಬ ಕಾವಲುಗಾರ್ತಿ

ಬೆಳಗಿನ ಆರು ಗಂಟೆ. ಮ್ಯೂಸಿಯಮ್ಮಿನ ಹಿಂಬಾಗಿಲಿನಿಂದ ಒಳಬಂದ ಆಕೆ ದೀಪ ಹಾಕುವುದಿಲ್ಲ. ಗಾಜಿನ ಪೆಟ್ಟಿಗೆಗಳ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯುತ್ತಾರೆ. ಹುಡಿ ಬಿದ್ದಿದ್ದರೆ ಹಾಗೆ ಹಿಡಿದಾಗಲೇ ಕಣ್ಣಿಗೆ ಬೀಳುವುದು. ಇವತ್ತು ಬಿದ್ದಿದೆ. ಒಂದು ಜೀರುಂಡೆಯ ಕೆಳಗೆ, ಸೂಜಿಯ ಬುಡದಲ್ಲಿ, ಚಿಟಿಕೆಯಷ್ಟು ಕಂದು ಹುಡಿ. ಒಣಗಿದ ಕೀಟಗಳನ್ನು ಒಳಗೊಳಗೇ ತಿಂದು ಮುಗಿಸುವ ಹುಳ ಹೊಕ್ಕಿದೆ.

ಗಾಜು ಒರೆಸಲು ಸೇರಿದವರು, ಇಪ್ಪತ್ತಾರು ವರ್ಷದಿಂದ ಇದೇ ಕೋಣೆಯಲ್ಲಿದ್ದಾರೆ. ನಲವತ್ತು ಸಾವಿರ ಕೀಟ, ಎಂಟುನೂರು ಪೆಟ್ಟಿಗೆ, ದಿನಕ್ಕೆ ಮೂವತ್ತರ ತಪಾಸಣೆ. "ಬದುಕಿರೋ ಜಿರಳೆ ಕಂಡ್ರೆ ಅಮ್ಮ ಕುರ್ಚಿ ಹತ್ತುತ್ತಾಳೆ, ಸತ್ತಿದ್ದಕ್ಕೆ ಪ್ರಾಣ ಬಿಡ್ತಾಳೆ" ಎಂದು ಮಗಳು ರೇಗಿಸುತ್ತಾಳೆ.

ಈಗ ನಗು ಬರುವುದಿಲ್ಲ. ಇದೇ ಕಪಾಟಿನ ಮೂರು ಪೆಟ್ಟಿಗೆಗಳು ಕಳೆದ ವಾರವಷ್ಟೇ ಇನ್ನೊಂದು ಊರಿನ ಮ್ಯೂಸಿಯಮ್ಮಿಗೆ ಅಧ್ಯಯನಕ್ಕೆಂದು ಹೋಗಿವೆ.

ಆ ಮ್ಯೂಸಿಯಮ್ಮಿಗೆ ತಿಳಿಸಲೇ ಎಂದು ಫೋನ್ ಮಾಡಿ ಕೇಳಿದರೆ ಮೇಲಧಿಕಾರಿ ತಡೆಯುತ್ತಾರೆ. "ಸ್ವಲ್ಪ ತಡೀರಮ್ಮ, ಖಚಿತ ಆಗ್ಲಿ. ಸುಮ್ನೆ ನಮ್ಮ ಮಾನ ಹೋಗುತ್ತೆ."

ಆಕೆ ಎರಡು ನಿಮಿಷ ಮೊಬೈಲನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಕೆಲಸ ಹೋದರೂ ಹೋಗಬಹುದು. ಆಮೇಲೆ ಆ ಮ್ಯೂಸಿಯಮ್ಮಿನಲ್ಲಿ ತಮ್ಮಂಥದೇ ಕೆಲಸ ಮಾಡುವವರ ನಂಬರು ಒತ್ತುತ್ತಾರೆ. ಹನ್ನೊಂದು ವರ್ಷದ ಫೋನ್ ಮಾತಿನ ಪರಿಚಯ, ಮುಖ ಕಂಡಿಲ್ಲ; ಅವರೂ ಆಕೆಯಂತೆ ನಸುಕಿಗೇ ಕೆಲಸಕ್ಕೆ ಬರುವವರು.

"ಅಣ್ಣಾ, ನಮ್ಮ ಪೆಟ್ಟಿಗೆ ಎಲ್ಲಿವೆ?"

"ಮೇಜಿನ ಮೇಲಿವೆ. ಈಗ ಕಪಾಟಿಗೆ ಸೇರಿಸ್ಬೇಕು."

"ಸೇರಿಸ್ಬೇಡಿ! ಹುಳ ಇರ್ಬಹುದು. ತಪ್ಪು ನಮ್ದೇ."

"ಇರು, ನೋಡ್ತೀನಿ" ಎಂದು ಆ ಕಡೆಯವರು ಫೋನ್ ಇಡುತ್ತಾರೆ. ಇಪ್ಪತ್ತು ನಿಮಿಷ ಆಕೆ ಕೂರುವುದೂ ಇಲ್ಲ, ನೀರು ಕುಡಿಯುವುದೂ ಇಲ್ಲ. ಆಮೇಲೆ ಫೋನ್ ಬರುತ್ತದೆ.

"ಎರಡನೇದ್ರಲ್ಲಿದೆ ತಾಯಿ, ಮೂರು ಮರಿಹುಳ, ಜೀವಂತ. ಎಲ್ಲಾ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕ್ದೆ. ಒಂದು ಗಂಟೆ ತಡ ಆಗಿದ್ರೆ ನಮ್ಮ ಕಪಾಟೂ ಹೋಗ್ತಿತ್ತು. ನಿಮ್ಮ ಫ್ರೀಜರ್ ಚಿಕ್ಕದಲ್ವಾ? ಹಿಡಿಸದೇ ಇದ್ದದ್ದನ್ನ ಭದ್ರವಾಗಿ ಸುತ್ತಿ ಇಲ್ಲಿಗೇ ಕಳಿಸು."

ಅಧಿಕಾರಿ ಬೈಯುತ್ತಾರೆ, ಬೈಯುತ್ತಲೇ ರವಾನೆ ಚೀಟಿಗೆ ಸಹಿ ಹಾಕುತ್ತಾರೆ. ಎರಡು ವಾರದ ಚಳಿಗೆ ಹುಳಗಳೆಲ್ಲ ಸಾಯುತ್ತವೆ. ಐದು ಜೀರುಂಡೆ ಹಾಳಾಗಿವೆ, ಉಳಿದವೆಲ್ಲ ಕ್ಷೇಮ.

ಈಗ ಎರಡೂ ಮ್ಯೂಸಿಯಮ್ಮುಗಳು ಒಪ್ಪಂದವೊಂದನ್ನು ಬರೆದುಕೊಂಡಿವೆ: ಹುಳ ಕಂಡವರು ಯಾರ ಅಪ್ಪಣೆಗೂ ಕಾಯದೆ ಅದೇ ಗಳಿಗೆ ಆ ಕಡೆಯವರಿಗೆ ತಿಳಿಸಬೇಕು.

"ಅದ್ರಲ್ಲಿ ನನ್ನ ಹೆಸರೇನೂ ಇಲ್ಲ, ಬಿಡಿ," ಎನ್ನುತ್ತಾ ಆಕೆ ಮುಂದಿನ ಪೆಟ್ಟಿಗೆ ಎಳೆದುಕೊಳ್ಳುತ್ತಾರೆ. "ನನ್ನ ನಂತ್ರ ಬರೋಳು ಹೆದ್ರಿಕೊಂಡು ಫೋನ್ ಮಾಡೋದು ತಪ್ಪಿತಲ್ಲ, ಸಾಕು."